ಕೊಂಡಿ ಬಿಚ್ಚುವ ಮೊದಲೇ ಮುಗಿಸಬೇಕಾದ ಕೆಲಸ

ಪ್ರಶ್ನೆ: ನಾವು ಬಾಗಲಕೋಟೆ ನವನಗರದವರು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ 14 ಅಡಿಯ ಟ್ರೇಲರ್ ಕ್ಯಾರವಾನ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೇವೆ. ಒಂದೇ ಆಕ್ಸಲ್, ಎರಡು ಗಾಲಿ. ಎಳೆಯುವುದಕ್ಕೆ ಡೀಸೆಲ್ ಎಸ್‌ಯುವಿ ಇದೆ. ಹೋದ ತಿಂಗಳು ಮೊದಲ ಸಲ ಮನೆಯವರು, ಇಬ್ಬರು ಮಕ್ಕಳ ಜೊತೆ ಬೀಳಗಿ ಹತ್ತಿರ ನೆಂಟರ ಹೊಲಕ್ಕೆ ಹೋಗಿದ್ದೆ. ಕಾರಿನಿಂದ ಬಿಚ್ಚಿದ ಕೂಡಲೇ ಟ್ರೇಲರ್ ಒಂದು ಅಡಿ ಹಿಂದೆ ಸರಿಯಿತು. ನಾಲ್ಕು ಮೂಲೆಯ ಜಾಕ್ ತಿರುಗಿಸಿ ಮಟ್ಟ ಮಾಡಿದೆವು. ಆಮೇಲೆ ಬಾಗಿಲು ಹಾಕಲು ಬರಲಿಲ್ಲ. ರಾತ್ರಿ ಸ್ವಲ್ಪ ಮಳೆ ಬಂತು, ಬೆಳಗ್ಗೆ ನೋಡಿದರೆ ಒಂದು ಮೂಲೆ ಕುಸಿದಿತ್ತು. ಪಂಪ್‌ಸೆಟ್‌ನಿಂದ ಕರೆಂಟ್ ತಗೊಂಡಿದ್ದೆವು, ಎಸಿ ಹಚ್ಚಿದಾಗಲೆಲ್ಲ ಎಂಸಿಬಿ ಬೀಳುತ್ತಿತ್ತು. ದಾರಿಯಲ್ಲಿ 60ರ ಮೇಲೆ ಹೋದರೆ ಟ್ರೇಲರ್ ಅತ್ತಿತ್ತ ತೂಗಾಡುತ್ತದೆ. ನಿಲ್ಲಿಸುವಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ? ಡಿಸೆಂಬರ್‌ನಲ್ಲಿ ಬಾದಾಮಿಗೆ ಹೋಗಬೇಕು ಅಂತ ಆಸೆ ಇದೆ.

ಉತ್ತರ: ನಮಸ್ಕಾರ. ನೀವು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಒಂದು ದಿನದ ಕಿರಿಕಿರಿ. ಕರೆಂಟಿನ ಮಾತು ಅಪಾಯದ್ದು. ಅದಕ್ಕಿಂತ ದೊಡ್ಡ ಅಪಾಯ ನೀವು ಕೊನೆಗೆ ಒಂದೇ ಸಾಲಿನಲ್ಲಿ ಬರೆದ ತೂಗಾಟ. ಬೆಳಗಾವಿಯ ಉದ್ಯಮಬಾಗದಲ್ಲಿ ಟ್ರೇಲರ್ ಚಾಸಿ ಮತ್ತು ಆಕ್ಸಲ್ ಕೆಲಸ ಮಾಡುವವನಾಗಿ ಹೇಳುತ್ತೇನೆ, ಅದು ಸರಿಯಾಗುವವರೆಗೆ ಮನೆಯವರನ್ನು ಕೂರಿಸಿಕೊಂಡು ಹೈವೇ ಹತ್ತಬೇಡಿ. ಉಳಿದದ್ದೆಲ್ಲ ಆಮೇಲೆ.

ತೂಗಾಟಕ್ಕೆ ಕಾರಣ ಬಹುಪಾಲು ಸಲ ಒಂದೇ. ಸಾಮಾನು ಹೇರಿದ ರೀತಿ ತಪ್ಪಿರುತ್ತದೆ. ಚಕ್ಕಡಿ ಹೇರಿದವರಿಗೆ ಇದು ಗೊತ್ತಿರುವ ವಿಷಯವೇ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಪಟ್ಟಿ ಬಿಗಿಯುತ್ತದೆ. ಮುಂಭಾರ ಜಾಸ್ತಿಯಾದರೆ ಎತ್ತುಗಳು ಕುಸಿಯುತ್ತವೆ. ನಿಮ್ಮ ಟ್ರೇಲರ್‌ಗೂ ಲೆಕ್ಕ ಅದೇ. ಕೊಂಡಿಯ ಮೇಲೆ ಒಂದಿಷ್ಟು ಭಾರ ಕೆಳಮುಖವಾಗಿ ಕೂತಿರಲೇಬೇಕು. ಟ್ರೇಲರ್‌ನ ಒಟ್ಟು ತೂಕದ ನೂರಕ್ಕೆ ಹತ್ತರಷ್ಟು ಅಂತ ಇಟ್ಟುಕೊಂಡು ಶುರು ಮಾಡಿ. ಸಾಮಾನು ಸೇರಿ 900 ಕೆಜಿ ಇದ್ದರೆ ಕೊಂಡಿಯ ಮೇಲೆ 90 ಕೆಜಿ. ಅದಕ್ಕಿಂತ ತುಂಬಾ ಕಡಿಮೆಯಾದರೆ ಹಿಂದಿನ ತುದಿ ತನ್ನಿಷ್ಟದಂತೆ ಆಡಲು ಶುರು ಮಾಡುತ್ತದೆ. ವೇಗ ಹೆಚ್ಚಿದಷ್ಟೂ ಆಟ ಹೆಚ್ಚು. ಲಾರಿ ಪಕ್ಕದಲ್ಲಿ ಹಾದು ಹೋದಾಗಿನ ಗಾಳಿಯೇ ಅದಕ್ಕೆ ಸಾಕು.

ತೂಕ ನೋಡುವುದಕ್ಕೆ ನಮ್ಮ ಕಡೆ ಕಷ್ಟವಿಲ್ಲ. ಕಬ್ಬಿನ ಸೀಮೆಯಲ್ಲಿ ಕಾಟಾಕ್ಕೆ, ಅಂದರೆ ಗಾಡಿ ತೂಗುವ ವೇಬ್ರಿಜ್‌ಗೆ, ಬರ ಇಲ್ಲ. ಪ್ರವಾಸಕ್ಕೆ ಹೊರಟಾಗ ಏನೇನು ಇರುತ್ತದೋ ಅಷ್ಟನ್ನೂ ಒಳಗೆ ಇಟ್ಟು ಹತ್ತಿರದ ಕಾಟಾಕ್ಕೆ ಒಯ್ಯಿರಿ. ಕಾರು ಬಿಚ್ಚಿ ಬರೀ ಟ್ರೇಲರ್ ನಿಲ್ಲಿಸಿ ತೂಗಿಸಿ. ಅದು ಒಟ್ಟು ತೂಕ. ಕೊಂಡಿಯ ಭಾರಕ್ಕೆ ಮನೆಯಲ್ಲಿ ನಿಂತು ತೂಕ ನೋಡುವ ಯಂತ್ರ ಸಾಕು. ಮಟ್ಟವಾದ ನೆಲದಲ್ಲಿ ಗಾಲಿಗೆ ಅಡ್ಡ ಕೊಟ್ಟು, ಯಂತ್ರದ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಅಳತೆಗೆ ಕೊಯ್ದ ಕಟ್ಟಿಗೆ ತುಂಡು ನಿಲ್ಲಿಸಿ. ಟ್ರೇಲರ್‌ನ ಮೂತಿ ಕಾರಿಗೆ ಕಟ್ಟಿದಾಗ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟೇ ಎತ್ತರದಲ್ಲಿ ಆ ತುಂಡಿನ ಮೇಲೆ ಕೂರಬೇಕು. ಮೂತಿಯ ಹತ್ತಿರ ತಿರುಗಿಸಿ ಎತ್ತಿ ಇಳಿಸುವ ಚಿಕ್ಕ ಜಾಕಿ ಗಾಲಿಯನ್ನು ನೆಲದಿಂದ ಮೇಲೆತ್ತಿದ ಮೇಲೆ ಯಂತ್ರ ತೋರಿಸುವುದೇ ಕೊಂಡಿಯ ಭಾರ. ನಿಮ್ಮ ಕಾರಿನ ಕೊಂಡಿ ಎಷ್ಟು ತಾಳುತ್ತದೆ ಅನ್ನುವುದು ಅದರ ಪ್ಲೇಟ್ ಮೇಲೆ ಬರೆದಿರುತ್ತದೆ. ಅದನ್ನು ದಾಟಬೇಡಿ. ಟ್ರೇಲರ್‌ನ ಒಟ್ಟು ತೂಕವೂ ಕಾರಿನ ಸ್ವಂತ ತೂಕದ ನೂರಕ್ಕೆ 85ರ ಒಳಗೆ ಇರಲಿ. ಹೊಸಬರಿಗೆ ಬ್ರಿಟನ್ನಿನಲ್ಲಿ ಹೇಳಿಕೊಡುವ ಅಳತೆ ಇದು. ನಮ್ಮ ರಸ್ತೆಗೂ ಒಳ್ಳೆಯದೇ.

ಭಾರ ಕಡಿಮೆ ಬಂದರೆ ಹಿಂದೆ ಏನಿಟ್ಟಿದ್ದೀರಿ ನೋಡಿ. ಸೈಕಲ್ಲು, ಸ್ಟೆಪ್ನಿ, ತುಂಬಿದ ನೀರಿನ ಟ್ಯಾಂಕು ಇವೇ ಸಾಮಾನ್ಯವಾಗಿ ಸಿಗುವ ಕಳ್ಳರು. ಒಂದು ಲೆಕ್ಕ ಕೊಡುತ್ತೇನೆ. 14 ಅಡಿಯ ಟ್ರೇಲರ್‌ನಲ್ಲಿ ಆಕ್ಸಲ್‌ನಿಂದ ಕೊಂಡಿಗೆ ಸುಮಾರು 3.3 ಮೀಟರ್ ಇರುತ್ತದೆ ಅಂದುಕೊಳ್ಳಿ. ಆಕ್ಸಲ್‌ನ ಹಿಂದೆ 2 ಮೀಟರ್ ದೂರದಲ್ಲಿ 50 ಕೆಜಿ ಇಟ್ಟರೆ ಕೊಂಡಿಯ ಮೇಲಿನ ಭಾರ 30 ಕೆಜಿ ಇಳಿಯುತ್ತದೆ. 90 ಇದ್ದದ್ದು 60 ಆಯಿತು. ಮಕ್ಕಳ ಸೈಕಲ್ ಎರಡು, ಒಂದು ಕ್ಯಾನ್ ನೀರು ಅಂದರೆ ಅಷ್ಟಾಯಿತಲ್ಲವಾ? ಭಾರದ ಸಾಮಾನು ಕೆಳಗೆ, ನೆಲಕ್ಕೆ ಹತ್ತಿಕೊಂಡು, ಆಕ್ಸಲ್‌ನ ಮೇಲೆ ಅಥವಾ ಅದರ ಸ್ವಲ್ಪ ಮುಂದೆ ಇರಲಿ. ಮೇಲಿನ ಕಪಾಟಿನಲ್ಲಿ ಹಾಸಿಗೆ, ಬಟ್ಟೆ ಮಾತ್ರ.

ಓಡುವಾಗ ತೂಗಾಟ ಶುರುವಾದರೆ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. ಹೋಗಬಾರದು. ಆಕ್ಸಲರೇಟರ್ ಮೆಲ್ಲಗೆ ಬಿಡಿ, ಸ್ಟೇರಿಂಗ್ ನೇರವಾಗಿ ಗಟ್ಟಿ ಹಿಡಿಯಿರಿ, ವೇಗ ತಾನೇ ಇಳಿಯಲಿ. ಟ್ರೇಲರ್ ಅತ್ತ ಹೋಯಿತೆಂದು ನೀವು ಇತ್ತ ತಿರುಗಿಸಿದರೆ ಆಟ ಇನ್ನೂ ಜಾಸ್ತಿಯಾಗುತ್ತದೆ. ಟ್ರೇಲರ್‌ಗೆ ತನ್ನದೇ ಎಲೆಕ್ಟ್ರಿಕ್ ಬ್ರೇಕ್ ಇದ್ದು, ಅದರ ಕೈ ಸ್ವಿಚ್ ಕಾರಿನಲ್ಲಿದ್ದರೆ ಅದನ್ನಷ್ಟೇ ಹಗುರವಾಗಿ ಒತ್ತಬಹುದು. ಯುರೋಪಿನಲ್ಲಿ 750 ಕೆಜಿ ದಾಟಿದ ಟ್ರೇಲರ್‌ಗೆ ಅದರದೇ ಬ್ರೇಕ್ ಇರಲೇಬೇಕು. ನಿಮ್ಮದಕ್ಕೆ ಇದೆಯಾ, ಇದ್ದರೆ ಹಿಡಿಯುತ್ತದಾ ಅಂತ ಮೊದಲು ಪರೀಕ್ಷೆ ಮಾಡಿಸಿ.

ಸೆಕೆಂಡ್ ಹ್ಯಾಂಡ್ ಅಂದಿರಿ, ಹಾಗಾಗಿ ಟೈರ್ ಬಗ್ಗೆ ಒಂದು ಮಾತು. ಟ್ರೇಲರ್ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ವರ್ಷದಲ್ಲಿ ಬಹಳ ದಿನ ಬಿಸಿಲಿಗೆ ನಿಂತೇ ಇರುತ್ತದೆ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷ ದಾಟಿದ್ದರೆ ಗೆರೆ ಎಷ್ಟೇ ಆಳ ಇದ್ದರೂ ಬದಲಿಸಿ. ಇದೊಂದರಲ್ಲಿ ದುಡ್ಡು ಉಳಿಸಬೇಡಿ.

ಕಾಗದಪತ್ರದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಹಾಗಾಗಿ ಅದಕ್ಕೆ ತನ್ನದೇ ನೋಂದಣಿ ಬೇಕು. ನಿಮ್ಮ ಕೆಎ 29 ಆಫೀಸಿನಲ್ಲಿ ಟ್ರೇಲರ್‌ನ ಆರ್‌ಸಿ ನಿಮ್ಮ ಹೆಸರಿಗೆ ಆಗಿದೆಯಾ, ಕಾರಿಗೆ ಹಾಕಿಸಿದ ಕೊಂಡಿಗೆ ಏನು ಮಾಡಬೇಕು, ಎರಡನ್ನೂ ಕೇಳಿಕೊಳ್ಳಿ. ವಿಮೆಯವರಿಗೂ ಬರೆದು ತಿಳಿಸಿ. ಇನ್ನೊಂದು ಮಾತು, ಓಡುವಾಗ ಟ್ರೇಲರ್ ಒಳಗೆ ಯಾರೂ ಇರಬಾರದು. ಯಲ್ಲಮ್ಮನ ಗುಡ್ಡಕ್ಕೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಜನ ತುಂಬಿಕೊಂಡು ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ, ಹಾಗಾಗಿ ಮಕ್ಕಳು ಒಳಗೆ ಮಲಗಿದ್ದರೆ ಏನಾಯಿತು ಅನ್ನಿಸಬಹುದು. ಒಳಗೆ ಬೆಲ್ಟ್ ಇಲ್ಲ, ಹಿಡಿಯಲು ಆಸರೆ ಇಲ್ಲ. ಕೊಂಡಿ ಕಳಚಿದರೆ ಅವರ ಜೀವ ಹೋಗುತ್ತದೆ. ಐದು ನಿಮಿಷದ ದಾರಿಯಾದರೂ ಕಾರಿನಲ್ಲೇ ಕೂರಲಿ.

ಈಗ ನಿಲ್ಲಿಸುವ ವಿಷಯ. ನೀವು ಕಾರಿನಿಂದ ಬಿಚ್ಚುವ ಮೊದಲು ಮಾಡಬೇಕಾದದ್ದನ್ನೆಲ್ಲ ಬಿಚ್ಚಿದ ಮೇಲೆ ಮಾಡಲು ಹೋಗಿದ್ದೀರಿ. ಟ್ರೇಲರ್ ಸರಿದದ್ದು, ಬಾಗಿಲು ಕಚ್ಚಿಕೊಂಡದ್ದು, ಮೂಲೆ ಕುಸಿದದ್ದು ಮೂರಕ್ಕೂ ಬೇರು ಅಲ್ಲೇ ಇದೆ. ಕಾರು ಕಟ್ಟಿರುವಷ್ಟು ಹೊತ್ತು ಟ್ರೇಲರ್ ಎಲ್ಲಿಗೂ ಹೋಗುವುದಿಲ್ಲ. ಮುಂದಕ್ಕೆ, ಹಿಂದಕ್ಕೆ, ಹಲಗೆಯ ಮೇಲೆ, ಎಲ್ಲಿ ಬೇಕಾದರೂ ಒಯ್ದು ನಿಲ್ಲಿಸಲು ಬರುತ್ತದೆ. ಬಿಚ್ಚಿದಿರೋ, ಅಲ್ಲಿಗೆ ಆ ಅನುಕೂಲ ಮುಗಿಯಿತು.

ಮೊದಲು ಇಳಿದು ನಡೆದು ನೆಲ ನೋಡಿ. ಬೀಳಗಿ ಕಡೆಯ ಎರೆ ಹೊಲ ಹೇಗೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಒಣಗಿದಾಗ ಕಲ್ಲು, ನಾಲ್ಕು ಹನಿ ಬಿದ್ದರೆ ಅಂಟು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಅಂಥ ನೆಲದ ಮೇಲೆ ಸಂಜೆ ಮಾಡಿದ ಮಟ್ಟ ಬೆಳಗ್ಗೆ ಇರುವುದಿಲ್ಲ. ಹಿಂಗಾರಿ ಮಳೆ ಇರುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಂತೂ ಎರೆ ಹೊಲಕ್ಕೆ ಟ್ರೇಲರ್ ಇಳಿಸಲೇಬೇಡಿ. ಒಳಗೆ ಹೋಗಲು ಬರುತ್ತದೆ, ಹೊರಗೆ ತರಲು ಟ್ರ್ಯಾಕ್ಟರ್ ಬೇಕಾಗುತ್ತದೆ. ಮಸಾರಿ (ಕೆಂಪು ಮಣ್ಣಿನ) ನೆಲ, ಗರಸು ಹಾಕಿ ಗಟ್ಟಿಯಾದ ಕಣ, ಗುಡಿಯ ಹೊರಗಿನ ಬಯಲು ಇಂಥದ್ದು ಹುಡುಕಿ. ಸಂಶಯ ಬಂದರೆ ಹೊಲದವರ ಹತ್ತಿರ ಹಾರೆ ಇಸಿದುಕೊಂಡು ನೆಲಕ್ಕೆ ಬಿಟ್ಟು ನೋಡಿ. ತನ್ನ ಭಾರಕ್ಕೇ ಒಂದು ಗೇಣು ಇಳಿಯಿತು ಅಂದರೆ ಬೇರೆ ಜಾಗ ನೋಡಿಕೊಳ್ಳಿ.

ಒಣಗಿದ ಹಳ್ಳದ ಮರಳು ಮಟ್ಟವಾಗಿ, ಚೆಂದವಾಗಿ ಕಾಣುತ್ತದೆ. ಅಲ್ಲಿ ಬೇಡ. ಮೇಲೆಲ್ಲೋ ಮಳೆಯಾದರೆ ಇಲ್ಲಿ ಗೊತ್ತಾಗುವಷ್ಟರಲ್ಲಿ ನೀರು ಬಂದಿರುತ್ತದೆ. ಹೊಳೆ ದಂಡೆಯೂ ಹಾಗೆಯೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತ್ತು. ಅಣೆಕಟ್ಟಿನಿಂದ ನೀರು ಬಿಡುವ ದಿನಗಳಲ್ಲಿ ದಂಡೆಯಿಂದ ದೂರ ಇರಿ. ಮರದ ನೆರಳು ಬೇಕೇ ಬೇಕು, ಆದರೆ ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಗಾಳಿಗೆ ಒಣಗಿದ ಟೊಂಗೆ ಮೊದಲು ಬೀಳುತ್ತದೆ. ಮೇಲೆ ನೋಡಿಯೇ ನಿಲ್ಲಿಸಿ.

ಜಾಗ ಒಪ್ಪಿಗೆಯಾದ ಮೇಲೆ ರಿವರ್ಸ್. ಹೊಸಬರು ಹೆದರುವುದು ಇದಕ್ಕೇ. ಒಂದು ಉಪಾಯ ಇದೆ. ಸ್ಟೇರಿಂಗ್‌ನ ಕೆಳಭಾಗವನ್ನು ಒಂದು ಕೈಯಲ್ಲಿ ಹಿಡಿಯಿರಿ. ಟ್ರೇಲರ್‌ನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ ಸರಿಸಿ, ಬಲಕ್ಕೆ ಹೋಗಬೇಕಾದರೆ ಬಲಕ್ಕೆ. ಸ್ವಲ್ಪವೇ ಸರಿಸಿ, ತಡೆದು ನೋಡಿ. ಗಿಡ್ಡ ಟ್ರೇಲರ್ ಬಹಳ ಬೇಗ ಮಡಚಿಕೊಳ್ಳುತ್ತದೆ. ಕಾರಿಗೂ ಟ್ರೇಲರ್‌ಗೂ ನಡುವಿನ ಕೋನ ಚೂಪಾಯಿತು ಅನ್ನಿಸಿದ ತಕ್ಷಣ ನಿಂತು, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರು ಮಾಡಿ. ಮನೆಯವರು ಹಿಂದೆ ನಿಂತು ಹೇಳುವುದಾದರೆ ನಿಮ್ಮ ಕನ್ನಡಿಯಲ್ಲಿ ಅವರು ಕಾಣುವ ಜಾಗದಲ್ಲೇ ನಿಲ್ಲಬೇಕು. ಕಾಣಲಿಲ್ಲ ಅಂದರೆ ಗಾಡಿ ನಿಲ್ಲಬೇಕು. ಸನ್ನೆಗಳನ್ನು ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ಕೂಗಾಡಿದರೆ ಇಡೀ ಪ್ರವಾಸದ ರುಚಿ ಕೆಡುತ್ತದೆ. ಎಪಿಎಂಸಿ ಪ್ರಾಂಗಣದಂಥ ದೊಡ್ಡ ಬಯಲಿನಲ್ಲಿ, ರಜೆಯ ದಿನ ಕೇಳಿಕೊಂಡು, ನಾಲ್ಕು ಇಟ್ಟಿಗೆ ಗುರುತಿಗೆ ಇಟ್ಟು ಇಬ್ಬರೂ ಕಲಿಯಿರಿ. ಇಬ್ಬರೂ ಅಂದೆ, ಮರೆಯಬೇಡಿ. ಒಬ್ಬರಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬರಿಗೆ ಬರಬೇಕು.

ಈಗ ಮಟ್ಟ. ಮೊದಲು ಎಡ ಬಲ, ಆಮೇಲೆ ಹಿಂದೆ ಮುಂದೆ. ಈ ಕ್ರಮ ಬದಲಾಗಬಾರದು. ಹಿಂದೆ ಮುಂದೆ ಸರಿಮಾಡಲು ಮೂತಿಯ ಜಾಕಿ ಗಾಲಿ ಇದೆ, ಕಾರು ಬಿಚ್ಚಿದ ಮೇಲೂ ಅದನ್ನು ತಿರುಗಿಸಬಹುದು. ಎಡ ಬಲ ಸರಿಮಾಡಲು ಗಾಲಿಯನ್ನು ಹಲಗೆಯ ಮೇಲೆ ಹತ್ತಿಸಬೇಕು, ಅದಕ್ಕೆ ಕಾರು ಬೇಕು. ಗೌಂಡಿಗಳು ಬಳಸುವ ಎರಡು ಅಡಿಯ ರಸಮಟ್ಟ ಒಂದು ತಗೊಳ್ಳಿ. ಟ್ರೇಲರ್‌ನ ನೆಲದ ಮೇಲೆ ಅಡ್ಡಲಾಗಿ ಇಡಿ. ತಗ್ಗಿನ ಕಡೆಯ ತುದಿಯ ಕೆಳಗೆ ರಟ್ಟಿನ ಚೂರು ಒಂದೊಂದಾಗಿ ತುರುಕುತ್ತಾ ಹೋಗಿ. ಗುಳ್ಳೆ ನಡುವೆ ಬಂದಾಗ ಆ ರಟ್ಟಿನ ದಪ್ಪ ಅಳೆಯಿರಿ. ಒಂದು ಸೆಂಟಿಮೀಟರ್ ಬಂತು ಅನ್ನೋಣ. ನಿಮ್ಮ ಎರಡು ಗಾಲಿಗಳ ನಡುವೆ ಆರು ಅಡಿ ಇದ್ದರೆ, ರಸಮಟ್ಟದ ಮೂರು ಪಟ್ಟು, ತಗ್ಗಿನ ಗಾಲಿಯ ಕೆಳಗೆ ಮೂರು ಸೆಂಟಿಮೀಟರ್ ಹಲಗೆ ಬೇಕು. ಅಂದಾಜು ಬೇಡ, ಹತ್ತು ಸಲ ಹಿಂದೆ ಮುಂದೆ ಮಾಡುವುದೂ ಬೇಡ. ಹಲಗೆ ಇಟ್ಟು ಕಾರಿನಿಂದಲೇ ಮೆಲ್ಲಗೆ ಹತ್ತಿಸಿ. ಗಾಲಿಯ ಪೂರ್ತಿ ಅಗಲ ಹಲಗೆಯ ಮೇಲೆ ಕೂತಿರಬೇಕು.

ಈಗ ಗಾಲಿಗೆ ಅಡ್ಡ ಕೊಡಿ. ಎರಡೂ ಗಾಲಿಗೆ, ಹಿಂದೆ ಮತ್ತು ಮುಂದೆ, ನಾಲ್ಕು ಕಡೆ. ದಾರಿಯ ಬದಿಯ ದುಂಡು ಕಲ್ಲು ಉರುಳುತ್ತದೆ. ಬಡಿಗೇರರ ಹತ್ತಿರ ಜಾಲಿ ಕಟ್ಟಿಗೆಯ ಮುಕ್ಕೋನದ ತುಂಡು ಮಾಡಿಸಿಕೊಳ್ಳಿ, ಅಥವಾ ರಬ್ಬರಿನದು ತಗೊಳ್ಳಿ. ಗಾಲಿಗೆ ಒತ್ತಿ ಕೂರುವ ಹಾಗೆ ಕಾಲಿನಿಂದ ಒದ್ದು ಬಿಗಿ ಮಾಡಿ. ನಿಮ್ಮ ಟ್ರೇಲರ್ ಒಂದು ಅಡಿ ಸರಿದದ್ದು ಇದು ಇಲ್ಲದ್ದಕ್ಕೇ. ಹಿಂದೆ ಮಕ್ಕಳು ಯಾರೂ ಇರಲಿಲ್ಲ ಅನ್ನುವುದು ದೊಡ್ಡ ಪುಣ್ಯ. ಕೈ ಬ್ರೇಕ್ ಇದ್ದರೂ ಅಡ್ಡ ಕೊಟ್ಟೇ ಬಿಚ್ಚಬೇಕು.

ಆಮೇಲೆ ಜಾಕಿ ಗಾಲಿ ಇಳಿಸಿ, ಲೈಟಿನ ವೈರ್ ತೆಗೆಯಿರಿ, ಕೊಂಡಿಯ ಲಾಕ್ ತೆರೆಯಿರಿ, ಜಾಕಿ ತಿರುಗಿಸಿ ಮೂತಿ ಮೇಲೆತ್ತಿ. ಸೇಫ್ಟಿ ಚೈನ್ ಎಲ್ಲಕ್ಕಿಂತ ಕೊನೆಗೆ ಬಿಚ್ಚಿ. ಕಾರು ಮುಂದೆ ಹೋದ ಮೇಲೆ ರಸಮಟ್ಟವನ್ನು ಉದ್ದಕ್ಕೆ ಇಟ್ಟು ಜಾಕಿ ಗಾಲಿಯಿಂದ ಹಿಂದೆ ಮುಂದೆ ಮಟ್ಟ ಮಾಡಿ.

ಮೂಲೆಯ ಜಾಕ್‌ಗಳ ಸರದಿ ಬರುವುದು ಈಗ. ಅವು ಟ್ರೇಲರ್ ಎತ್ತುವುದಕ್ಕೆ ಮಾಡಿದ್ದಲ್ಲ. ನೀವು ಒಳಗೆ ನಡೆದಾಡಿದರೆ ಅಲ್ಲಾಡಬಾರದು ಅಂತ ಕೊಟ್ಟ ಆಸರೆ, ಅಷ್ಟೇ. ಮಟ್ಟವಿಲ್ಲದ ಟ್ರೇಲರ್‌ನ ಒಂದು ಮೂಲೆಯನ್ನು ಜಾಕ್‌ನಿಂದ ಎತ್ತಿದರೆ ಚಾಸಿ ತಿರುಚಿಕೊಳ್ಳುತ್ತದೆ. ಚಾಸಿ ತಿರುಚಿದರೆ ಬಾಗಿಲ ಚೌಕಟ್ಟು ಸೊಟ್ಟಗಾಗುತ್ತದೆ. ನಿಮ್ಮ ಬಾಗಿಲು ಕಚ್ಚಿದ್ದು ಹಾಗೆ. ಬಾಗಿಲಿಗೆ ಏನೂ ಆಗಿಲ್ಲ, ಅದನ್ನು ಹೆರೆಸಲು ಹೋಗಬೇಡಿ. ನಾಲ್ಕೂ ಜಾಕ್ ಸಡಿಲ ಮಾಡಿ ಮತ್ತೆ ಕ್ರಮದಂತೆ ಮಾಡಿದರೆ ತಾನೇ ಕೂರುತ್ತದೆ. ಹೀಗೇ ಬಹಳ ಸಲ ಎತ್ತಿದರೆ ಮಾತ್ರ ಗೋಡೆಯ ಜೋಡಣೆ ಬಾಯಿ ಬಿಟ್ಟು ಮಳೆಗಾಲದಲ್ಲಿ ಸೋರಲು ಶುರುವಾಗುತ್ತದೆ. ಜಾಕ್ ನೆಲ ಮುಟ್ಟಿದ ಮೇಲೆ ಕೈಯಲ್ಲಿ ಬಿಗಿಯಾಗುವಷ್ಟು, ಇನ್ನೊಂದು ಅರ್ಧ ಸುತ್ತು ಸಾಕು.

ಪ್ರತಿ ಜಾಕ್‌ನ ಕೆಳಗೆ ಒಂದು ಅಡಿ ಚೌಕದ ದಪ್ಪ ಹಲಗೆ ಇಡಿ. ಜಾಕ್‌ನ ಪಾದ ನಾಲ್ಕು ಇಂಚು ಚೌಕ ಇದ್ದರೆ ಅದು 16 ಚದರ ಇಂಚು. ಹಲಗೆ 144 ಚದರ ಇಂಚು. ಅದೇ ಭಾರ ಒಂಬತ್ತು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ನಿಮ್ಮ ಒಂದು ಮೂಲೆ ರಾತ್ರಿ ಕುಸಿಯಿತಲ್ಲ, ನೆನೆದ ಎರೆಯಲ್ಲಿ ಬರಿಯ ಪಾದ ಇಳಿದದ್ದು. ಫರಸಿ ತುಂಡು ಇಡುವವರಿದ್ದಾರೆ, ಅದು ಒಡೆಯುತ್ತದೆ. ಕಟ್ಟಿಗೆಯೇ ಒಳ್ಳೆಯದು.

ಕರೆಂಟಿನ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಪಂಪ್‌ಸೆಟ್ ಸ್ಟಾರ್ಟರ್ ಬಾಕ್ಸಿನಿಂದ ಇನ್ನು ಮುಂದೆ ಯಾವತ್ತೂ ಕರೆಂಟ್ ತಗೊಳ್ಳಬೇಡಿ. ಅಲ್ಲಿ ಇರುವುದು ತ್ರೀ ಫೇಸ್. ಎರಡು ಫೇಸ್‌ಗಳ ನಡುವೆ ವೈರ್ ಸಿಕ್ಕಿಸಿದರೆ 230 ಬದಲು 400ಕ್ಕೂ ಹೆಚ್ಚು ವೋಲ್ಟ್ ಒಳಗೆ ಬರುತ್ತದೆ. ಚಾರ್ಜರ್, ಫ್ರಿಜ್, ಎಸಿ ಒಂದೇ ಕ್ಷಣದಲ್ಲಿ ಸುಡುತ್ತವೆ. ಬಹಳ ಕಡೆ ಹೊಲಕ್ಕೆ ನ್ಯೂಟ್ರಲ್ ವೈರ್ ಬಂದಿರುವುದೇ ಇಲ್ಲ, ಭೂಮಿಗೆ ಹುಗಿದ ಸರಳನ್ನೇ ನ್ಯೂಟ್ರಲ್ ಮಾಡಿಕೊಂಡಿರುತ್ತಾರೆ. ಅದರಿಂದ ಟ್ರೇಲರ್‌ನ ತಗಡಿಗೇ ಕರೆಂಟ್ ಹರಿಯಬಹುದು. ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತ ಮಗು ಬಾಗಿಲ ಹಿಡಿಕೆ ಮುಟ್ಟಿದರೆ ಏನಾಗುತ್ತದೆ ಯೋಚನೆ ಮಾಡಿ. ಮೇಲಾಗಿ ಆ ಕರೆಂಟನ್ನು ಹೆಸ್ಕಾಂ ಕೊಟ್ಟಿರುವುದು ನೀರಾವರಿಗೆ. ಬೇರೆಯದಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ತಪ್ಪು, ದಂಡ ಬೀಳುವುದು ನಿಮ್ಮ ನೆಂಟರಿಗೆ.

ಎಂಸಿಬಿ ಯಾಕೆ ಬಿತ್ತು ಅಂದರೆ, ಹೊಲದ ಲೈನಿನ ತುದಿಯಲ್ಲಿ ವೋಲ್ಟೇಜ್ ತಗ್ಗಿರುತ್ತದೆ. ಒಂದು ಟನ್ನಿನ ಎಸಿ ಓಡುವಾಗ ಸಾವಿರದ ಆಸುಪಾಸು ವಾಟ್ ತಗೊಂಡರೂ ಕಂಪ್ರೆಸರ್ ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ವೋಲ್ಟೇಜ್ ಸಾಲದಿದ್ದರೆ ಕಂಪ್ರೆಸರ್ ತಿರುಗದೆ ಕರೆಂಟ್ ಎಳೆಯುತ್ತಲೇ ನಿಲ್ಲುತ್ತದೆ, ಎಂಸಿಬಿ ಬೀಳುತ್ತದೆ. ಎಂಸಿಬಿ ತನ್ನ ಕೆಲಸ ಮಾಡಿದೆ. ಬಿದ್ದದ್ದನ್ನು ಮತ್ತೆ ಮತ್ತೆ ಎತ್ತಬೇಡಿ, ದೊಡ್ಡದು ಹಾಕಿಸುವುದಂತೂ ಬೇಡವೇ ಬೇಡ.

ಮನೆಯ ಅಥವಾ ಹೋಟೆಲಿನ 16 ಆಂಪ್ ಸಾಕೆಟ್‌ನಿಂದ ತಗೊಳ್ಳಿ. ಮೂರು ಎಳೆಯ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಇರಲಿ. ಸುರುಳಿ ಸುತ್ತಿದ ಹಾಗೆಯೇ ಬಳಸಿದರೆ ಒಳಗೇ ಬಿಸಿಯಾಗಿ ಕರಗುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಸಾಕೆಟ್‌ಗೆ ಸಿಕ್ಕಿಸಿ ನೋಡುವ ಮೂರು ದೀಪದ ಚಿಕ್ಕ ಟೆಸ್ಟರ್, ವೋಲ್ಟೇಜ್ ತೋರಿಸುವ ಚಿಕ್ಕ ಮೀಟರ್ ಎರಡೂ ಜೊತೆಯಲ್ಲಿರಲಿ. ಅರ್ತಿಂಗ್ ಇಲ್ಲ ಅಂತ ತೋರಿಸಿದರೆ ಆ ಸಾಕೆಟ್ ಬೇಡ. 190 ವೋಲ್ಟ್‌ಗಿಂತ ಕೆಳಗಿದ್ದರೆ ಎಸಿ ಹಚ್ಚಬೇಡಿ. ಟ್ರೇಲರ್ ಒಳಗೆ ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿ ಆಂಪಿನ ಆರ್‌ಸಿಸಿಬಿ ಸ್ವಿಚ್ ಇದೆಯಾ ನೋಡಿ, ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಈ ವಾರವೇ ಹಾಕಿಸಿ. ಶಾಕ್ ಹೊಡೆದಾಗ ಜೀವ ಉಳಿಸುವುದು ಅದು, ಎಂಸಿಬಿ ಅಲ್ಲ. ಪ್ರತಿ ಸಲ ಕರೆಂಟ್ ಕೊಟ್ಟ ಕೂಡಲೇ ಅದರ ಟೆಸ್ಟ್ ಗುಂಡಿ ಒತ್ತಿ, ಬೀಳುತ್ತದಾ ನೋಡಿ. ಒಳಗಿನ ಮೇನ್ ಆಫ್ ಮಾಡಿಕೊಂಡು ವೈರನ್ನು ಮೊದಲು ಟ್ರೇಲರ್‌ಗೆ, ಆಮೇಲೆ ಸಾಕೆಟ್‌ಗೆ ಸಿಕ್ಕಿಸಿ. ತೆಗೆಯುವಾಗ ಇದರ ಉಲ್ಟಾ.

ಕರೆಂಟ್ ಇಲ್ಲದೆಯೂ ಒಂದು ರಾತ್ರಿ ಆರಾಮಾಗಿ ಕಳೆಯಬಹುದು. 12 ವೋಲ್ಟ್, 100 ಆಂಪ್ ಅವರ್ ಬ್ಯಾಟರಿಯಲ್ಲಿ 1200 ವಾಟ್ ಅವರ್ ಇರುತ್ತದೆ. ಹಳೆಯ ಲೆಡ್ ಆಸಿಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಮಾತ್ರ ಬಳಸಿ. 30 ವಾಟಿನ ಫ್ಯಾನ್ ಎಂಟು ತಾಸು ತಿರುಗಿದರೆ 240. 20 ವಾಟಿನ ದೀಪ ನಾಲ್ಕು ತಾಸು ಉರಿದರೆ 80. ಫೋನ್ ಚಾರ್ಜ್ ಸೇರಿದರೂ ಇನ್ನೂ ಉಳಿಯುತ್ತದೆ. ಬ್ಯಾಟರಿಯ ಮೇಲೆ ಎಸಿಯ ಆಸೆ ಮಾತ್ರ ಬೇಡ, ಒಂದು ತಾಸೂ ಬರುವುದಿಲ್ಲ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಎಸಿ ಯಾರಿಗೆ ಬೇಕು ಹೇಳಿ, ಕಿಟಕಿ ತೆರೆದರೆ ಹೊದಿಕೆ ಬೇಕಾಗುತ್ತದೆ.

ನೀರು, ಗ್ಯಾಸ್ ಎರಡನ್ನೂ ಚುಟುಕಾಗಿ ಹೇಳುತ್ತೇನೆ. ನೂರು ಲೀಟರ್ ನೀರು ಅಂದರೆ ನೂರು ಕೆಜಿ. ಟ್ಯಾಂಕ್ ಖಾಲಿ ಒಯ್ದು, ಹೋಗಿ ಮುಟ್ಟಿದ ಮೇಲೆ ತುಂಬಿಸಿ. ವಿಜಯಪುರ, ಬಾಗಲಕೋಟೆ ಕಡೆಯ ಬಹಳಷ್ಟು ಬೋರಿನ ನೀರು ಸವಳು. ಕುಡಿಯಲು ಬೇರೆ ಕ್ಯಾನ್ ಇರಲಿ. ಟಾಯ್ಲೆಟ್ ಡಬ್ಬಿಯನ್ನು ಹೊಳೆಗೆ, ಕಾಲುವೆಗೆ, ಹೊಲಕ್ಕೆ ಸುರಿಯಬಾರದು. ಸೆಪ್ಟಿಕ್ ಟ್ಯಾಂಕ್ ಇರುವ ಶೌಚಾಲಯದಲ್ಲಿ ಕೇಳಿಕೊಂಡು ಖಾಲಿ ಮಾಡಿ. ಆ ಕಾಲುವೆಯ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ಅಡುಗೆಗೆ 5 ಕೆಜಿಯ ಚಿಕ್ಕ ಸಿಲಿಂಡರ್ ಸಾಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಕೂರುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಗೆ ತೆರೆದ ತೂತು ಇರಲೇಬೇಕು. ಹಿಂದಿನ ಮಾಲೀಕರು ಇರುವೆ ಬರುತ್ತವೆ ಅಂತ ಅದನ್ನು ಮುಚ್ಚಿಸಿರುತ್ತಾರೆ, ಬಗ್ಗಿ ನೋಡಿ. ರೆಗ್ಯುಲೇಟರ್ ಹಾಕಿದ ಮೇಲೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದಾ ನೋಡಿ. ಓಡುವಾಗ ಗ್ಯಾಸ್ ಬಂದ್ ಇರಬೇಕು. ಚಳಿ ಅಂತ ಒಲೆ ಹಚ್ಚಿಟ್ಟು ಮಲಗುವುದು ಸಾವನ್ನು ಕರೆದ ಹಾಗೆ, ಇದ್ದಿಲ ಶೆಗಡಿಯೂ ಅಷ್ಟೇ.

ಮರಳಿ ಹೊರಡುವಾಗ ಎಲ್ಲ ಕೆಲಸವೂ ಹಿಂದುಮುಂದು. ಕರೆಂಟ್, ನೀರು, ಗ್ಯಾಸ್ ಮೊದಲು ತೆಗೆದು, ಮೂಲೆಯ ಜಾಕ್ ಎತ್ತಿ, ಕಾರು ಕಟ್ಟಿ, ಗಾಲಿಯ ಅಡ್ಡ ಕೊನೆಗೆ ತೆಗೆಯಿರಿ. ಕಟ್ಟುವಾಗ ಕಾರಿನ ಕೊಂಡಿಯ ಬಾಲ್‌ನ (ದುಂಡು ಗುಂಡಿನ) ಅಳತೆ ನೋಡಿ. 50 ಮಿಲಿಮೀಟರಿನದೂ ಸಿಗುತ್ತದೆ, ಎರಡು ಇಂಚಿನದೂ ಸಿಗುತ್ತದೆ. ಎರಡು ಇಂಚು ಅಂದರೆ 50.8 ಮಿಲಿಮೀಟರ್. ಕಣ್ಣಿಗೆ ಒಂದೇ ಥರ ಕಂಡರೂ ಚಿಕ್ಕ ಬಾಲ್ ಮೇಲೆ ಟ್ರೇಲರ್ ಮೂತಿಯ ದೊಡ್ಡ ಕಪ್ಲರ್ ಸಡಿಲ ಕೂರುತ್ತದೆ. ಎರಡರ ಮೇಲೂ ಅಳತೆ ಕೆತ್ತಿರುತ್ತದೆ, ಓದಿ. ಲಾಕ್ ಹಾಕಿದ ಮೇಲೆ ಜಾಕಿ ಗಾಲಿಯನ್ನು ಸ್ವಲ್ಪ ತಿರುಗಿಸಿ ಮೂತಿ ಮೇಲೆತ್ತಿ ನೋಡಿ. ಕಾರಿನ ಹಿಂಭಾಗವೂ ಜೊತೆಗೇ ಎದ್ದರೆ ಸರಿಯಾಗಿ ಕೂತಿದೆ. ಚೈನ್ ಎರಡನ್ನೂ ಮೂತಿಯ ಕೆಳಗೆ ಕತ್ತರಿಯಾಗಿ ಹಾಕಿ. ಕೊಂಡಿ ಕಳಚಿದರೂ ಮೂತಿ ರಸ್ತೆಗೆ ಚುಚ್ಚದೆ ಆ ಚೈನ್ ಮೇಲೆ ಕೂರುತ್ತದೆ.

ಇನ್ನು ಬಾದಾಮಿ. ಡಿಸೆಂಬರ್ ಒಳ್ಳೆಯ ಆಯ್ಕೆ. ನೆಲ ಒಣಗಿರುತ್ತದೆ, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ಗದ್ದಲ ಇನ್ನೂ ಶುರುವಾಗಿರುವುದಿಲ್ಲ. ಕಬ್ಬಿನ ಹಂಗಾಮು ಮಾತ್ರ ಜೋರಾಗಿರುತ್ತದೆ. ಡಬಲ್ ಟ್ರೇಲರ್ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಓಡುತ್ತವೆ, ಹಾಗಾಗಿ ಕತ್ತಲಾದ ಮೇಲೆ ರಸ್ತೆಯಲ್ಲಿ ಇರಬೇಡಿ. ನಾಲ್ಕು ಗಂಟೆಗೆಲ್ಲ ಜಾಗ ಮುಟ್ಟಿದರೆ ಬೆಳಕಿನಲ್ಲಿ ನಿಧಾನವಾಗಿ ಮಟ್ಟ ಮಾಡಬಹುದು. ಊರಿನ ಓಣಿಗಳಿಗೆ, ಗುಹೆಯ ಕಡೆಗೆ ಟ್ರೇಲರ್ ಒಯ್ಯಬೇಡಿ, ತಿರುಗಿಸಲು ಜಾಗ ಸಿಗುವುದಿಲ್ಲ. ಮಯೂರ ಚಾಲುಕ್ಯದಲ್ಲಿ ಅಥವಾ ಊರ ಹೊರಗಿನ ಲಾಡ್ಜ್‌ಗಳಲ್ಲಿ ಅಂಗಳ ಕೊಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಸಾಕೆಟ್ ಬಗ್ಗೆಯೂ ಆಗಲೇ ಕೇಳಿಕೊಳ್ಳಿ. ಒಂದು ಕಡೆ ನಿಲ್ಲಿಸಿ, ಕೊಂಡಿಗೆ ಬೀಗ ಹಾಕಿ, ಪಟ್ಟದಕಲ್ಲು, ಐಹೊಳೆಗೆ ಬರೀ ಕಾರಿನಲ್ಲಿ ಹೋಗಿಬನ್ನಿ. ಗೋವಾ ಕಡೆಯ ಚೋರ್ಲಾ ಘಾಟ್‌ನ ಆಸೆ ಮುಂದಿನ ವರ್ಷಕ್ಕಿರಲಿ.

ಗದ್ದನಕೇರಿ ಕ್ರಾಸ್ ದಾಟಿ ಕೆರೂರಿನಲ್ಲಿ ಚಹಾಕ್ಕೆ ನಿಲ್ಲುತ್ತೀರಲ್ಲ, ಅಲ್ಲಿ ಗಾಲಿಯ ನಟ್ಟುಗಳನ್ನು ಪಾನಾ ಹಾಕಿ ಒಮ್ಮೆ ನೋಡಿ. ಗಾಲಿ ಬಿಚ್ಚಿ ಹಾಕಿದ ಮೇಲಿನ ಮೊದಲ ಓಟದಲ್ಲಿ ಅವು ಸಡಿಲವಾಗುವುದುಂಟು. ಹಾಗೇ ಎರಡೂ ಗಾಲಿಯ ನಡುವಿನ ಹಬ್‌ಗೆ ಅಂಗೈ ಹತ್ತಿರ ಹಿಡಿಯಿರಿ. ಎರಡೂ ಒಂದೇ ಸಮ ಬೆಚ್ಚಗಿದ್ದರೆ ಮುಂದೆ ಹೋಗಿ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್‌ನಲ್ಲಿ ಗ್ರೀಸ್ ಮುಗಿದಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಅಲ್ಲೇ ನಿಂತು ಮೆಕ್ಯಾನಿಕ್ ಕರೆಸಿ, ಅದು ಸರಿಯಾದ ಮೇಲೆಯೇ ಬಾದಾಮಿ.